ಲೈಟ್ ಮಿಂಚಿಸಿದವರು ಹೇಳಿದ್ದೇನು?

ಎದುರಿನ ಸಾಲನ್ನು ದಾಟಿ ಅಡ್ಡರಸ್ತೆಗೆ ತಿರುಗಲು ಒಂದು ಕಾರು ಕಾಯುತ್ತಿದೆ. ಎದುರಿನಿಂದ ಬರುತ್ತಿರುವ ವಾಹನ ಒಮ್ಮೆ ಹೆಡ್‌ಲೈಟ್ ಮಿಂಚಿಸುತ್ತದೆ. ಕಾಯುತ್ತಿರುವ ಚಾಲಕರು ಅದನ್ನು ‘ನೀವು ಹೋಗಿ, ನಾನು ನಿಧಾನಿಸುತ್ತೇನೆ’ ಎಂದು ತಿಳಿಯಬಹುದು. ‘ನಾನು ಬರುತ್ತಿದ್ದೇನೆ, ನೀವು ಅಲ್ಲೇ ನಿಲ್ಲಿ’ ಎಂದೂ ತಿಳಿಯಬಹುದು. ಈ ಎರಡು ಅರ್ಥಗಳ ನಡುವೆ ತುಸು ಮಾತ್ರ ವ್ಯತ್ಯಾಸವಿದ್ದಿದ್ದರೆ ಚಿಂತೆಯಿರಲಿಲ್ಲ, ಆದರೆ ಇವು ಒಂದಕ್ಕೊಂದು ತದ್ವಿರುದ್ಧ. ಯಾವುದು ಸರಿ ಎಂದು ತೀರ್ಮಾನಿಸಲು ಸಿಗುವುದು ಒಂದೆರಡು ಸೆಕೆಂಡ್. ಗಂಟೆಗೆ 60 ಕಿ.ಮೀ. ವೇಗದ ವಾಹನ ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ; ಎರಡು ಸೆಕೆಂಡ್ ಯೋಚಿಸಿದರೆ ನಡುವಿನ ಅಂತರದಲ್ಲಿ 33 ಮೀಟರ್ ಕಡಿಮೆಯಾಗಿರುತ್ತದೆ.

ವಾಹನದಲ್ಲಿರುವ ಉಳಿದ ಸಂಜ್ಞಾ ದೀಪಗಳಿಗೆ ಇಂತಹ ಗೊಂದಲವಿಲ್ಲ. ಇಂಡಿಕೇಟರ್ ಯಾವ ಕಡೆ ಮಿನುಗುತ್ತದೋ ಆ ಕಡೆಗೆ ವಾಹನ ತಿರುಗಲಿದೆ, ಹಿಂಬದಿಯ ಕೆಂಪು ದೀಪ ಪ್ರಖರವಾದರೆ ಬ್ರೇಕ್ ಹಾಕಲಾಗಿದೆ, ನಾಲ್ಕೂ ಇಂಡಿಕೇಟರ್‌ಗಳು ಒಟ್ಟಿಗೆ ಮಿನುಗಿದರೆ ಆ ವಾಹನದಿಂದ ಅಪಾಯವಿದೆ ಎಂದರ್ಥ. ಇವುಗಳ ಬಣ್ಣ, ಜಾಗ, ಮಿನುಗುವ ಗತಿ ಎಲ್ಲವನ್ನೂ ನಿಯಮಗಳು ಗೊತ್ತುಪಡಿಸಿವೆ. ಹೆಡ್‌ಲೈಟ್ ಮಾತ್ರ ಮೂಲತಃ ಸಂಜ್ಞೆಗಾಗಿ ಇರುವುದಲ್ಲ, ರಸ್ತೆ ಕಾಣುವುದಕ್ಕಾಗಿ ಇರುವುದು. ಅದನ್ನು ಕ್ಷಣಕಾಲ ಹೈಬೀಮ್‌ಗೆ ಏರಿಸಿ ಇಳಿಸುವುದು ಚಾಲಕರು ತಾವೇ ರೂಢಿಸಿಕೊಂಡ ಭಾಷೆಯಾಗಿ ಬೆಳೆದಿದೆ. ಅದರಲ್ಲಿ ದಿಕ್ಕಿನ ಸೂಚನೆಯಿಲ್ಲ. ಯಾರನ್ನು ಉದ್ದೇಶಿಸಿದ್ದು ಎಂಬ ಗುರುತಿಲ್ಲ. ಹೌದು ಮತ್ತು ಇಲ್ಲ ಎಂಬುದನ್ನು ಬೇರ್ಪಡಿಸುವ ವ್ಯವಸ್ಥೆಯೂ ಇಲ್ಲ. ಹಾಗಿದ್ದರೂ ‘ನಿಮ್ಮ ಲೈಟ್ ಹಾಕಿಲ್ಲ’, ‘ನಿಮ್ಮದು ಹೈಬೀಮ್‌ನಲ್ಲಿದೆ, ಡಿಪ್ ಮಾಡಿ’, ‘ಮುಂದೆ ಅಪಘಾತವಾಗಿದೆ’, ‘ಮುಂದೆ ಪೊಲೀಸರಿದ್ದಾರೆ’, ‘ದಾರಿ ಬಿಡಿ’, ‘ದಾರಿ ಬಿಟ್ಟಿದ್ದೇನೆ’, ‘ಧನ್ಯವಾದ’, ‘ಇದೇನು ಹೀಗೆ ಓಡಿಸುತ್ತೀರಿ’ ಎಂಬಷ್ಟು ಮಾತುಗಳನ್ನು ಆ ಒಂದೇ ಬೆಳಕಿನ ಮೇಲೆ ಹೊರಿಸಲಾಗಿದೆ.

ಈ ಲೇಖನದ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಿಂಚಿಸಿದ ಬೆಳಕು ‘ನಾನಿಲ್ಲಿದ್ದೇನೆ’ ಎಂಬ ಸುದ್ದಿಯನ್ನು ಮಾತ್ರ ನಂಬಲರ್ಹವಾಗಿ ತಲುಪಿಸಬಲ್ಲದು. ಹೆಚ್ಚೆಂದರೆ ‘ಎಚ್ಚರವಾಗಿರಿ’ ಎಂದು ಹೇಳಬಲ್ಲದು. ಅನುಮತಿ ಕೊಡುವ, ಅಪ್ಪಣೆ ಮಾಡುವ, ಬುದ್ಧಿ ಕಲಿಸುವ ಕೆಲಸಕ್ಕೆ ಅದನ್ನು ಬಳಸಿದಾಗಲೆಲ್ಲ ಬಳಸಿದವರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅಪಾಯ ಹೆಚ್ಚುತ್ತದೆ.

ಕಾನೂನುಗಳು ಬಹುಮಟ್ಟಿಗೆ ಇದೇ ನಿಲುವಿಗೆ ಬಂದಿವೆ. ರಸ್ತೆ ಸಂಚಾರ ಕುರಿತ 1968ರ ವಿಯೆನ್ನಾ ಒಪ್ಪಂದದ 28ನೇ ವಿಧಿ ಹಾರ್ನ್ ಬಳಕೆಗೆ ಎರಡೇ ಸಂದರ್ಭಗಳನ್ನು ಒಪ್ಪುತ್ತದೆ: ಅಪಘಾತ ತಪ್ಪಿಸಲು ಎಚ್ಚರಿಕೆ ಕೊಡುವುದು ಮತ್ತು ಜನವಸತಿಯ ಹೊರಗಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡಲಿದ್ದೇನೆಂದು ಮುಂದಿನವರಿಗೆ ತಿಳಿಸುವುದು. ಬೆಳಕಿನ ಎಚ್ಚರಿಕೆಯನ್ನು ಅದೇ ವಿಧಿ ಹಾರ್ನ್‌ಗೆ ಬದಲಿಯಾಗಿ ಪರಿಗಣಿಸುತ್ತದೆ. ಬ್ರಿಟನ್ನಿನ ಹೈವೇ ಕೋಡ್ ಇನ್ನೂ ನೇರವಾಗಿದೆ. ಅದರ 110ನೇ ನಿಯಮದ ಪ್ರಕಾರ ನೀವು ಅಲ್ಲಿದ್ದೀರಿ ಎಂದು ಇತರರಿಗೆ ತಿಳಿಸುವುದಕ್ಕಷ್ಟೇ ಹೆಡ್‌ಲೈಟ್ ಮಿಂಚಿಸಬೇಕು; ಬೇರೆ ಯಾವ ಸಂದೇಶಕ್ಕೂ, ಯಾರನ್ನೂ ಬೆದರಿಸುವುದಕ್ಕೂ ಅದನ್ನು ಬಳಸಬಾರದು. 111ನೇ ನಿಯಮ ಬೆಳಕನ್ನು ಕಂಡವರಿಗಾಗಿ ಇದೆ: ಎದುರಿನವರು ಲೈಟ್ ಮಿಂಚಿಸಿದ್ದನ್ನು ಮುಂದುವರಿಯಲು ಕೊಟ್ಟ ಆಹ್ವಾನವೆಂದು ಎಂದಿಗೂ ಭಾವಿಸಬೇಡಿ, ಸ್ವಂತ ವಿವೇಚನೆಯಿಂದ ಎಚ್ಚರಿಕೆಯಿಂದ ಸಾಗಿ. ಮಿಂಚಿಸುವವರನ್ನು ಮಾತ್ರ ತಿದ್ದಲು ಹೊರಟಿದ್ದರೆ ಈ ಸಂಹಿತೆ ಅರ್ಧ ಕೆಲಸವನ್ನಷ್ಟೇ ಮಾಡಿದಂತಾಗುತ್ತಿತ್ತು. ಸಂಜ್ಞೆಯನ್ನು ಓದುವವರ ಮೇಲೂ ಹೊಣೆ ಹೊರಿಸಿದ್ದು ಅದರ ನಿಜವಾದ ಹೆಚ್ಚುಗಾರಿಕೆ ಎಂದು ನನಗನಿಸುತ್ತದೆ. ಜರ್ಮನಿಯ ಸಂಚಾರ ನಿಯಮಾವಳಿಯ 16ನೇ ಕಲಮು ಕೂಡ ತನಗೋ ಇತರರಿಗೋ ಅಪಾಯ ಕಂಡಾಗ ಅಥವಾ ಊರಿನ ಹೊರಗೆ ಓವರ್‌ಟೇಕ್ ಸೂಚಿಸಲು ಮಾತ್ರ ಬೆಳಕಿನ ಸಂಜ್ಞೆಗೆ ಅವಕಾಶ ಕೊಡುತ್ತದೆ. ಹಾಗೆ ಸೂಚಿಸುವಾಗಲೂ ಎದುರಿನಿಂದ ಬರುವವರ ಕಣ್ಣು ಕೋರೈಸಬಾರದು ಎಂದು 5ನೇ ಕಲಮು ಷರತ್ತು ಹಾಕುತ್ತದೆ.

ಕಾನೂನು ಹೀಗಿದ್ದರೂ ರಸ್ತೆಯ ರೂಢಿ ಬೇರೆ. ಕೆಲವು ದೇಶಗಳಲ್ಲಿ ಲೈಟ್ ಮಿಂಚಿಸಿದರೆ ಬಹುಪಾಲು ಚಾಲಕರು ‘ನೀವು ಮೊದಲು’ ಎಂದು ಓದುತ್ತಾರೆ. ಇನ್ನು ಕೆಲವೆಡೆ ಕಿರಿದಾದ ಸೇತುವೆಯ ಎರಡು ತುದಿಗಳಿಂದ ಬರುವವರಲ್ಲಿ ಯಾರು ಮೊದಲು ಲೈಟ್ ಹೊಡೆಯುತ್ತಾರೋ ಅವರೇ ಮೊದಲು ದಾಟುತ್ತಾರೆ. ಎರಡೂ ಕಡೆ ರೂಢಿ ತನ್ನಷ್ಟಕ್ಕೆ ಸುಸಂಗತವಾಗಿದೆ, ಅಲ್ಲಿನವರ ನಡುವೆ ಕೆಲಸವನ್ನೂ ಮಾಡುತ್ತದೆ. ಒಂದು ರೂಢಿಯಲ್ಲಿ ಪಳಗಿದವರು ಇನ್ನೊಂದು ರೂಢಿಯ ರಸ್ತೆಗೆ ಬಂದಾಗ ತೊಡಕು ಶುರುವಾಗುತ್ತದೆ. ಪ್ರವಾಸಿಗರು ಬಾಡಿಗೆ ಕಾರು ಪಡೆಯುವಾಗ ರಸ್ತೆಯ ಯಾವ ಬದಿಯಲ್ಲಿ ಓಡಿಸಬೇಕೆಂದು ಕೇಳಿ ತಿಳಿದುಕೊಳ್ಳುತ್ತಾರೆ, ವೇಗಮಿತಿಯ ಫಲಕಗಳನ್ನು ಓದುತ್ತಾರೆ. ಅಲ್ಲಿನವರು ಲೈಟ್ ಮಿಂಚಿಸಿದರೆ ಅದರ ಅರ್ಥವೇನೆಂದು ಕೇಳುವುದಿಲ್ಲ, ಏಕೆಂದರೆ ತಮ್ಮ ಊರಿನ ಅರ್ಥವೇ ಎಲ್ಲೆಡೆಯ ಅರ್ಥವೆಂದು ನಂಬಿರುತ್ತಾರೆ. ಒಂದೇ ದೇಶದೊಳಗೂ ಸರಕು ಸಾಗಣೆಯ ಲಾರಿಯವರ ರೂಢಿ ಒಂದು, ಹೊಸದಾಗಿ ಕಾರು ಕಲಿತವರ ಊಹೆ ಇನ್ನೊಂದು ಆಗಿರಬಹುದು.

ಲಾರಿಯವರ ರೂಢಿಯೊಂದನ್ನು ಇಲ್ಲಿ ವಿವರವಾಗಿ ನೋಡಬೇಕು, ಏಕೆಂದರೆ ಮಿಂಚಿಸುವುದು ಎಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ. ಉದ್ದನೆಯ ಟ್ರೇಲರ್ ಎಳೆಯುತ್ತಿರುವ ಲಾರಿ ಇನ್ನೊಂದು ಲಾರಿಯನ್ನು ಓವರ್‌ಟೇಕ್ ಮಾಡುವಾಗ ತನ್ನ ಬಾಲ ಪೂರ್ತಿ ಮುಂದೆ ಸರಿದಿದೆಯೇ ಎಂದು ಅದರ ಚಾಲಕರಿಗೆ ಕನ್ನಡಿಯಲ್ಲಿ ನಿಖರವಾಗಿ ತಿಳಿಯುವುದು ಕಷ್ಟ, ರಾತ್ರಿಯಲ್ಲಂತೂ ಇನ್ನೂ ಕಷ್ಟ. ಹಿಂದೆ ಉಳಿದ ಲಾರಿಯವರು ಸಾಕಷ್ಟು ಅಂತರ ಆದ ಕೂಡಲೇ ಒಮ್ಮೆ ಲೈಟ್ ಮಿಂಚಿಸುತ್ತಾರೆ. ಮುಂದಿನವರು ಒಳಸಾಲಿಗೆ ಬಂದು ಇಂಡಿಕೇಟರ್‌ಗಳನ್ನು ಒಂದೆರಡು ಸಲ ಮಿನುಗಿಸಿ ಕೃತಜ್ಞತೆ ತಿಳಿಸುತ್ತಾರೆ. ಹಲವು ದೇಶಗಳ ಹೆದ್ದಾರಿಗಳಲ್ಲಿ ಕಾಣುವ ಈ ಪದ್ಧತಿ ಸಫಲವಾಗುವುದಕ್ಕೆ ಕಾರಣಗಳಿವೆ. ಆ ಹೊತ್ತಿಗೆ ಆ ಬೆಳಕು ಯಾರಿಗೆ ಎಂಬುದರಲ್ಲಿ ಸಂಶಯವಿರುವುದಿಲ್ಲ. ಹೇಳುವವರು ತಮ್ಮ ಕಣ್ಣಿಗೆ ನೇರವಾಗಿ ಕಾಣುತ್ತಿರುವ, ಕೇಳುವವರಿಗೆ ಕಾಣದಿರುವ ಒಂದೇ ಒಂದು ಸಂಗತಿಯನ್ನು ಹೇಳುತ್ತಿರುತ್ತಾರೆ. ಇಬ್ಬರಿಗೂ ಆ ಸಂಜ್ಞೆ ಮೊದಲೇ ಗೊತ್ತಿರುತ್ತದೆ. ಸಂಜ್ಞೆಯನ್ನು ತಪ್ಪಾಗಿ ಓದಿದರೂ, ಅಂದರೆ ಅದನ್ನು ಗಮನಿಸದೇ ಹೋದರೂ, ಆಗುವ ನಷ್ಟ ಇನ್ನೂ ಸ್ವಲ್ಪ ದೂರ ಹೊರಸಾಲಿನಲ್ಲೇ ಸಾಗುವುದಷ್ಟೇ. ಇಲ್ಲಿಯೂ ಹೈಬೀಮ್ ಬಳಸಿದರೆ ಮುಂದಿನ ಲಾರಿಯ ಕನ್ನಡಿಯಲ್ಲಿ ಅದು ಕಣ್ಣು ಕುಕ್ಕುತ್ತದೆ. ಆದ್ದರಿಂದ ಅನುಭವಸ್ಥರು ಲೋಬೀಮನ್ನೇ ಕ್ಷಣಕಾಲ ಆರಿಸಿ ಹಚ್ಚುತ್ತಾರೆ.

ಅಡ್ಡರಸ್ತೆಯಲ್ಲಿ ‘ನೀವು ಹೋಗಿ’ ಎಂದು ಮಿಂಚಿಸುವಾಗ ಈ ಕಾರಣಗಳಲ್ಲಿ ಒಂದೂ ಇರುವುದಿಲ್ಲ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ 1960ರ ದಶಕದ ಕೊನೆಯಲ್ಲಿ ಬಂದ ಒಂದು ಮೊಕದ್ದಮೆ ಈ ವಿಷಯವನ್ನು ಸ್ಪಷ್ಟಗೊಳಿಸಿತು. ಬಸ್ಸೊಂದರ ಚಾಲಕರು ನಿಂತು, ತಮ್ಮ ಮುಂದಿನಿಂದ ರಸ್ತೆಗಿಳಿಯಲು ಕಾಯುತ್ತಿದ್ದ ಕಾರಿಗೆ ಲೈಟ್ ಮಿಂಚಿಸಿದರು. ಕಾರು ಬಸ್ಸಿನ ಮುಂಭಾಗದಿಂದ ಹೊರಬಂದಿತು. ಬಸ್ಸಿನ ಹೊರಬದಿಯಿಂದ ಮುಂದೆ ಬರುತ್ತಿದ್ದ ಮೊಪೆಡ್ ಸವಾರರಿಗೆ ಕಾರು ಕಾಣಿಸಲಿಲ್ಲ, ಕಾರಿನವರಿಗೆ ಮೊಪೆಡ್ ಕಾಣಿಸಲಿಲ್ಲ, ಎರಡೂ ಡಿಕ್ಕಿಯಾದವು. ಬಸ್ ಚಾಲಕರ ಬೆಳಕಿಗೆ ನ್ಯಾಯಾಲಯ ಕೊಟ್ಟ ಅರ್ಥ ‘ನನ್ನ ಮಟ್ಟಿಗೆ ಹೇಳುವುದಾದರೆ ಬನ್ನಿ’ ಎಂಬಷ್ಟೇ. ಆ ‘ನನ್ನ ಮಟ್ಟಿಗೆ’ ಎಂಬುದರಲ್ಲಿ ಇಡೀ ವಿಷಯ ಅಡಗಿದೆ. ಒಬ್ಬ ಚಾಲಕರು ತಮ್ಮ ಪಾಲಿನ ಆದ್ಯತೆಯನ್ನು ಬಿಟ್ಟುಕೊಡಬಹುದು, ಆದರೆ ಪಕ್ಕದ ಸಾಲಿನವರ ಪರವಾಗಿ, ಹಿಂದಿನಿಂದ ನುಸುಳಿ ಬರುತ್ತಿರುವ ದ್ವಿಚಕ್ರ ವಾಹನದವರ ಪರವಾಗಿ, ಅಡ್ಡರಸ್ತೆಯ ಬಾಯಲ್ಲಿ ರಸ್ತೆ ದಾಟುತ್ತಿರುವ ಪಾದಚಾರಿಗಳ ಪರವಾಗಿ ಅವರು ಯಾವುದನ್ನೂ ಬಿಟ್ಟುಕೊಡಲಾರರು. ಬೆಳಕನ್ನು ಕಂಡವರು ಮಾತ್ರ ಅದನ್ನು ಇಡೀ ರಸ್ತೆಯ ಒಪ್ಪಿಗೆಯೆಂದೇ ಓದುತ್ತಾರೆ.

ಹೀಗಾಗುವುದಕ್ಕೆ ಮನಸ್ಸಿನ ಸಹಜ ಗುಣವೂ ಕಾರಣ. ಬಹಳ ಹೊತ್ತಿನಿಂದ ಕಾಯುತ್ತಿರುವವರಿಗೆ ಯಾರೋ ದಾರಿ ಬಿಟ್ಟರು ಎಂದಾಗ ಕೃತಜ್ಞತೆಯೊಂದಿಗೆ ಅವಸರವೂ ಹುಟ್ಟುತ್ತದೆ. ಬಿಟ್ಟವರನ್ನು ಕಾಯಿಸಬಾರದೆಂಬ ಸಂಕೋಚದಲ್ಲಿ, ತಾವೇ ನೋಡಿ ಖಚಿತಪಡಿಸಿಕೊಳ್ಳಬೇಕಾದ ಎಡಬಲಗಳನ್ನು ನೋಡದೆ ವಾಹನ ನುಗ್ಗಿಸುತ್ತಾರೆ. ಸೌಜನ್ಯವೇ ಇಲ್ಲಿ ಎಚ್ಚರಿಕೆಯನ್ನು ಸಡಿಲಗೊಳಿಸುತ್ತದೆ. ಬೆಳಕು ಯಾರಿಗೆ ಎಂಬ ಪ್ರಶ್ನೆಯೂ ಇದೆ. ಅಡ್ಡರಸ್ತೆಯ ಒಂದು ಬಾಯಲ್ಲಿ ಕಾರು, ಎದುರು ಬಾಯಲ್ಲಿ ಬೈಕು, ಪಕ್ಕದಲ್ಲಿ ದಾಟಲು ನಿಂತ ವೃದ್ಧರೊಬ್ಬರು ಇದ್ದಾಗ ಮಿಂಚಿಸಿದ ಒಂದೇ ಬೆಳಕನ್ನು ಮೂವರೂ ತಮಗೇ ಎಂದುಕೊಂಡು ಒಟ್ಟಿಗೆ ಹೆಜ್ಜೆ ಇಡಬಹುದು. ಈ ನಂಬಿಕೆಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದಾರೆ: ಲೈಟ್ ಮಿಂಚಿಸಿ ಎದುರಿನವರನ್ನು ರಸ್ತೆಗೆ ಬರಮಾಡಿಕೊಂಡು, ಬೇಕೆಂದೇ ಡಿಕ್ಕಿ ಹೊಡೆದು, ಸಂಜ್ಞೆಯನ್ನೇ ಕೊಟ್ಟಿಲ್ಲವೆಂದು ವಾದಿಸಿ ವಿಮಾ ಪರಿಹಾರ ಕೇಳುವ ವಂಚನೆ 2013ರ ಸುಮಾರಿಗೆ ಬ್ರಿಟನ್ನಿನಲ್ಲಿ ಸುದ್ದಿಯಾಗಿತ್ತು. ಅರ್ಧ ಸೆಕೆಂಡಿನ ಬೆಳಕಿಗೆ ಸಾಕ್ಷಿ ಹುಡುಕುವುದು ಸುಲಭವಲ್ಲ.

ದಾರಿ ಬಿಡುವ ಸೌಜನ್ಯ ಬೇಡವೆಂದು ಇದರ ಅರ್ಥವಲ್ಲ. ಬಿಡಬೇಕೆನಿಸಿದರೆ ಸಾಕಷ್ಟು ದೂರದಿಂದಲೇ ವೇಗ ತಗ್ಗಿಸಿ, ಮುಂದೆ ಜಾಗ ಉಳಿಸಿ, ನಿಂತುಬಿಡುವುದು ಎಲ್ಲಕ್ಕಿಂತ ಸ್ಪಷ್ಟವಾದ ಸಂಜ್ಞೆ. ನಿಧಾನವಾಗುತ್ತಿರುವ ವಾಹನವನ್ನು ಎಲ್ಲ ದೇಶದವರೂ ಒಂದೇ ರೀತಿ ಓದುತ್ತಾರೆ. ಅದು ಕಾಯುತ್ತಿರುವವರಿಗೆ ಅವಕಾಶವನ್ನು ಕೊಡುತ್ತದೆ, ತೀರ್ಮಾನವನ್ನು ಅವರಿಗೇ ಬಿಡುತ್ತದೆ. ಆದ್ಯತೆ ಇರುವವರು ತಮ್ಮ ಸರದಿಯಲ್ಲಿ ನೇರವಾಗಿ ಸಾಗುವುದೇ ಅನೇಕ ಸಲ ಹೆಚ್ಚು ಸುರಕ್ಷಿತ ಎಂಬುದನ್ನೂ ಹೇಳಬೇಕು. ವೇಗವಾಗಿ ಹರಿಯುತ್ತಿರುವ ಸಾಲಿನಲ್ಲಿ ಒಬ್ಬರು ದಿಢೀರನೆ ನಿಂತು ಔದಾರ್ಯ ತೋರಿದರೆ ಹಿಂದಿನವರು ಅದನ್ನು ನಿರೀಕ್ಷಿಸಿರುವುದಿಲ್ಲ.

ಇನ್ನು ಹಿಂದಿನಿಂದ ಬಂದು ‘ಸರಿಯಿರಿ’ ಎಂದು ಲೈಟ್ ಹೊಡೆಯುವವರ ವಿಷಯ. ಓವರ್‌ಟೇಕ್ ಮಾಡುವ ಮುನ್ನ ದೂರದಿಂದ ಒಮ್ಮೆ ಕಿರಿದಾಗಿ ಮಿಂಚಿಸುವುದಕ್ಕೂ ಬಂಪರ್‌ಗೆ ಅಂಟಿಕೊಂಡು ಪದೇ ಪದೇ ಮಿಂಚಿಸುವುದಕ್ಕೂ ಇರುವ ವ್ಯತ್ಯಾಸ ಬರಿಯ ಸಂಖ್ಯೆಯದ್ದಲ್ಲ. ಮೊದಲನೆಯದು ಇರುವಿಕೆಯನ್ನು ತಿಳಿಸುತ್ತದೆ, ಎರಡನೆಯದು ಬೆದರಿಕೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ವೇಗದ ಅಂಕಿಯ ಅರ್ಧದಷ್ಟು ಮೀಟರ್ ಅಂತರ ಇಡಬೇಕೆಂದು ಜರ್ಮನಿಯಲ್ಲಿ ಕಲಿಸುವ ಸೂತ್ರದಂತೆ ಅಲ್ಲಿ 50 ಮೀಟರ್ ಇರಬೇಕು. ಹತ್ತು ಮೀಟರ್ ಹಿಂದೆ ನಿಂತು ಲೈಟ್ ಹೊಡೆಯುತ್ತಿರುವವರಿಗೆ ಮುಂದಿನವರು ಬ್ರೇಕ್ ಹಾಕಿದರೆ ಅರ್ಧ ಸೆಕೆಂಡೂ ಇರುವುದಿಲ್ಲ. ಜೊತೆಗೆ, ಆ ಬೆಳಕು ಮುಂದಿನ ಚಾಲಕರ ದೃಷ್ಟಿಯನ್ನು ರಸ್ತೆಯಿಂದ ಕಿತ್ತು ಕನ್ನಡಿಗೆ ಕಟ್ಟಿಹಾಕುತ್ತದೆ. ಗಾಬರಿಯಾದವರು ಒಳಸಾಲಿನಲ್ಲಿ ಜಾಗವಿದೆಯೇ ಎಂದು ಸರಿಯಾಗಿ ನೋಡದೆ ಸರಿಯುತ್ತಾರೆ. ಸಿಟ್ಟಾದವರು ಬೇಕೆಂದೇ ಬ್ರೇಕ್ ಒತ್ತುತ್ತಾರೆ. ಜರ್ಮನಿಯಲ್ಲಿ ಇಂತಹ ವರ್ತನೆ ಬಲವಂತದ ಅಪರಾಧದ ಮಟ್ಟಕ್ಕೆ ಹೋಗಬಹುದು. ಹಾರ್ನ್ ಮತ್ತು ಬೆಳಕಿನ ಜೊತೆ ಅಂಟಿಕೊಂಡು ಓಡಿಸುವುದು ಊರಿನೊಳಗಿನ ರಸ್ತೆಯಲ್ಲಿಯೂ ಆ ಅಪರಾಧವಾಗಬಲ್ಲದು ಎಂಬ ನಿಲುವನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2007ರಲ್ಲಿ ಎತ್ತಿಹಿಡಿದಿದೆ. ಓವರ್‌ಟೇಕ್‌ಗೆಂದು ಮೀಸಲಾದ ಸಾಲಿನಲ್ಲಿ ಕಾರಣವಿಲ್ಲದೆ ನಿಧಾನವಾಗಿ ಸಾಗುವವರ ತಪ್ಪೂ ಇಲ್ಲಿ ಇದ್ದೇ ಇದೆ. ಆದರೆ ಒಬ್ಬರ ಅಲಕ್ಷ್ಯಕ್ಕೆ ಇನ್ನೊಬ್ಬರು ಡಿಕ್ಕಿಯ ಭಯವನ್ನು ಶಿಕ್ಷೆಯಾಗಿ ಕೊಡುವಂತಿಲ್ಲ.

ರಾತ್ರಿಯ ಮಾತು ಇನ್ನಷ್ಟು ಗಂಭೀರವಾದದ್ದು. ಎದುರಿನ ವಾಹನ ಹೈಬೀಮ್‌ನಲ್ಲಿ ಬಂದರೆ ‘ಡಿಪ್ ಮಾಡಿ’ ಎಂದು ನೆನಪಿಸಲು ಒಮ್ಮೆ ಮಿಂಚಿಸುವುದು ಎಲ್ಲೆಡೆಯ ಅಭ್ಯಾಸ. ಎದುರಿನವರು ಮರೆತಿದ್ದರೆ ಕೂಡಲೇ ಇಳಿಸುತ್ತಾರೆ, ವಿಷಯ ಮುಗಿಯುತ್ತದೆ. ಇಳಿಸದಿದ್ದಾಗ ಬಹಳ ಮಂದಿ ತಮ್ಮ ಹೈಬೀಮನ್ನೂ ಏರಿಸಿ ಹಾಗೆಯೇ ಬಿಡುತ್ತಾರೆ. ಆ ಕ್ಷಣದಿಂದ ಎರಡು ವಾಹನಗಳನ್ನೂ ರಸ್ತೆ ಸರಿಯಾಗಿ ಕಾಣದವರು ಓಡಿಸುತ್ತಿರುತ್ತಾರೆ. ಇಬ್ಬರೂ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ನಡುವಿನ ಅಂತರ ಸೆಕೆಂಡಿಗೆ 44 ಮೀಟರಿನಂತೆ ಕಡಿಮೆಯಾಗುತ್ತಿರುತ್ತದೆ. ಪ್ರಖರ ಬೆಳಕು ಕಣ್ಣಿನ ಮಸೂರದಲ್ಲಿ ಚದುರಿ ಇಡೀ ದೃಶ್ಯದ ಮೇಲೆ ತೆಳು ಪರದೆಯಂತೆ ಹರಡುವುದರಿಂದ ರಸ್ತೆಯಂಚಿನ ಕಪ್ಪು ಬಟ್ಟೆಯ ಪಾದಚಾರಿ ಅದರಲ್ಲಿ ಕರಗಿಹೋಗುತ್ತಾರೆ. ಬೆಳಕು ದಾಟಿಹೋದ ಮೇಲೂ ಕಣ್ಣು ಮೊದಲಿನ ಸ್ಥಿತಿಗೆ ಬರಲು ಕೆಲವು ಸೆಕೆಂಡ್ ಬೇಕು. ಮೂರು ಸೆಕೆಂಡ್ ಎಂದುಕೊಂಡರೂ 80 ಕಿ.ಮೀ. ವೇಗದಲ್ಲಿ 67 ಮೀಟರ್ ರಸ್ತೆಯನ್ನು ಸರಿಯಾಗಿ ನೋಡದೆ ದಾಟಿರುತ್ತೇವೆ. ವಯಸ್ಸಾದವರಲ್ಲಿ, ಅದರಲ್ಲೂ ಪೊರೆ ಬರತೊಡಗಿದವರಲ್ಲಿ, ಈ ಚದುರುವಿಕೆಯೂ ಹೆಚ್ಚು, ಚೇತರಿಕೆಯ ಹೊತ್ತೂ ಹೆಚ್ಚು. ಸೇಡಿನಿಂದ ಏರಿಸಿದ ಹೈಬೀಮ್ ಎದುರಿನವರಿಗೆ ಪಾಠ ಕಲಿಸುವುದಿಲ್ಲ. ನಮ್ಮ ಕಡೆಗೇ ಬರುತ್ತಿರುವ ಒಂದೆರಡು ಟನ್ ಭಾರದ ವಾಹನದ ಚಾಲಕರ ಕಣ್ಣನ್ನು ಕಟ್ಟುತ್ತದೆ.

ಎದುರಿನವರು ಹೈಬೀಮ್‌ನಲ್ಲಿ ಇಲ್ಲದೆಯೂ ಇರಬಹುದು. ಕಳೆದ ಕೆಲವು ವರ್ಷಗಳಲ್ಲಿ ಈ ತಪ್ಪು ಓದು ಹೆಚ್ಚುತ್ತಿರುವುದಕ್ಕೆ ದೀಪಗಳ ಬದಲಾವಣೆಯೇ ಒಂದು ಕಾರಣ. ಹ್ಯಾಲೊಜೆನ್ ಬಲ್ಬಿನ ಹಳದಿ ಬೆಳಕಿನ ಜಾಗಕ್ಕೆ ಎಲ್‌ಇಡಿಯ ನೀಲಿಮಿಶ್ರಿತ ಬಿಳಿ ಬೆಳಕು ಬಂದಿದೆ. ಅದು ಚಿಕ್ಕ ಮೇಲ್ಮೈಯಿಂದ ಹೊರಡುವ ತೀಕ್ಷ್ಣ ಬೆಳಕಾದ್ದರಿಂದ ಲೋಬೀಮ್‌ನಲ್ಲಿದ್ದರೂ ಕಣ್ಣಿಗೆ ಚುಚ್ಚುತ್ತದೆ. ಎತ್ತರದ ವಾಹನಗಳು ಹೆಚ್ಚಿರುವುದರಿಂದ ದೀಪಗಳೂ ಮೇಲೇರಿವೆ. ಹಿಂಬದಿಯಲ್ಲಿ ಭಾರ ತುಂಬಿದಾಗ ವಾಹನದ ಮೂತಿ ಮೇಲೆದ್ದು ಬೆಳಕು ಎದುರಿನವರ ಮುಖದ ಮಟ್ಟಕ್ಕೆ ಬರುತ್ತದೆ. ದೀಪದ ಕೋನ ಹೊಂದಿಸುವ ಗುಂಡಿ ಬಹುತೇಕ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿದ್ದರೂ ಅದನ್ನು ಮುಟ್ಟುವವರು ವಿರಳ. ಉಬ್ಬು ದಾಟುವಾಗ ಮೂತಿ ಎದ್ದು ಇಳಿದರೆ ದೂರದಿಂದ ಅದು ಥೇಟ್ ಲೈಟ್ ಮಿಂಚಿಸಿದಂತೆಯೇ ಕಾಣುತ್ತದೆ. ಹೀಗೆ ಯಾರೂ ಕೊಡದ ಸಂಜ್ಞೆಯನ್ನು ಯಾರೋ ಓದಿ, ಅದಕ್ಕೆ ಉತ್ತರವನ್ನೂ ಕೊಡುತ್ತಾರೆ. ಬೆಳಕಿನ ಪ್ರಖರತೆಯ ಬಗ್ಗೆ ದೂರುಗಳು ಎಷ್ಟು ಹೆಚ್ಚಿದವೆಂದರೆ ಬ್ರಿಟನ್ ಸರ್ಕಾರ 2024ರಲ್ಲಿ ಈ ಕುರಿತು ಸ್ವತಂತ್ರ ಅಧ್ಯಯನವನ್ನೇ ಮಾಡಿಸಲು ಮುಂದಾಯಿತು. ಒಮ್ಮೆ ಮಿಂಚಿಸಿಯೂ ಎದುರಿನ ಬೆಳಕು ತಗ್ಗದಿದ್ದರೆ ಅದು ಅವರ ಲೋಬೀಮೇ ಇರಬಹುದೆಂದು ಬಗೆದು, ವೇಗ ಇಳಿಸಿ, ದೃಷ್ಟಿಯನ್ನು ರಸ್ತೆಯ ತನ್ನ ಬದಿಯ ಅಂಚಿನ ಗೆರೆಗೆ ಹೊರಳಿಸುವುದೇ ಇರುವ ಉಪಾಯ. ಅದು ಸೋಲಲ್ಲ, ಕಾಣದಿರುವಾಗ ಮಾಡಬಹುದಾದ ಸರಿಯಾದ ಕೆಲಸ.

ಸ್ವಯಂಚಾಲಿತ ಹೈಬೀಮ್ ಈ ಗೊಂದಲಕ್ಕೆ ಇನ್ನೊಂದು ಪದರ ಸೇರಿಸಿದೆ. ಕ್ಯಾಮೆರಾ ಎದುರಿನ ವಾಹನವನ್ನು ಗುರುತಿಸಿ ಬೀಮ್ ಇಳಿಸುವ ವ್ಯವಸ್ಥೆ ತಿರುವಿನಲ್ಲೋ ದಿಬ್ಬದ ತುದಿಯಲ್ಲೋ ಒಂದು ಕ್ಷಣ ತಡಮಾಡಿದರೆ ಆ ತಡವೇ ಎದುರಿನವರಿಗೆ ಮಿಂಚಿಸಿದಂತೆ ತೋರುತ್ತದೆ. ಆಡಿ ಕಂಪನಿ 2013ರಲ್ಲಿ ತನ್ನ ಎ8 ಕಾರಿನಲ್ಲಿ ತಂದ ಮ್ಯಾಟ್ರಿಕ್ಸ್ ಎಲ್‌ಇಡಿಯಂತಹ ದೀಪಗಳು ಎದುರಿನ ವಾಹನವಿರುವ ಜಾಗವನ್ನಷ್ಟೇ ಕತ್ತಲಾಗಿಸಿ ಉಳಿದೆಡೆ ಹೈಬೀಮ್ ಉಳಿಸಿಕೊಳ್ಳುತ್ತವೆ. ಅಮೆರಿಕ ಇಂತಹ ದೀಪಗಳಿಗೆ 2022ರ ಫೆಬ್ರವರಿಯಲ್ಲಿ ಅನುಮತಿ ನೀಡಿತು. ದೀಪ ತಾನಾಗಿಯೇ ಏರಿಳಿಯುವ ವಾಹನಗಳು ಹೆಚ್ಚಿದಷ್ಟೂ, ಬೆಳಕಿನ ಬದಲಾವಣೆಯ ಹಿಂದೆ ಒಬ್ಬ ಮನುಷ್ಯರ ಉದ್ದೇಶವಿದೆ ಎಂಬ ಊಹೆಯೇ ದುರ್ಬಲವಾಗುತ್ತ ಹೋಗುತ್ತದೆ.

ಮುಂದೆ ಪೊಲೀಸರ ವೇಗ ತಪಾಸಣೆಯಿದೆ ಎಂದು ಎದುರಿನವರಿಗೆ ತಿಳಿಸುವ ರೂಢಿ ವಾಹನಗಳ ಇತಿಹಾಸದಷ್ಟೇ ಹಳೆಯದು. 1905ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಆಟೊಮೊಬೈಲ್ ಅಸೋಸಿಯೇಷನ್‌ನ ಮೊದಲ ಕೆಲಸವೇ ಸದಸ್ಯರನ್ನು ಇಂತಹ ತಪಾಸಣೆಯಿಂದ ಎಚ್ಚರಿಸುವುದಾಗಿತ್ತು. ಹಾಗೆ ಎಚ್ಚರಿಸುವುದು ಪೊಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು ಅಲ್ಲಿನ ನ್ಯಾಯಾಲಯ 1910ರ ಹೊತ್ತಿಗೆ ತೀರ್ಪು ಕೊಟ್ಟ ಮೇಲೆ, ಸಂಸ್ಥೆಯ ಗಸ್ತಿನವರು ಸದಸ್ಯರಿಗೆ ಎಂದಿನಂತೆ ಸಲ್ಯೂಟ್ ಹೊಡೆಯದಿದ್ದರೆ ಅದನ್ನೇ ಎಚ್ಚರಿಕೆಯೆಂದು ತಿಳಿಯುವ ಏರ್ಪಾಡು ಮಾಡಿಕೊಂಡರು. ಅಮೆರಿಕದಲ್ಲಿ ಈ ಪ್ರಶ್ನೆ ವಾಕ್‌ಸ್ವಾತಂತ್ರ್ಯದ ರೂಪ ಪಡೆಯಿತು. ಮಿಸ್ಸೂರಿ ರಾಜ್ಯದ ಎಲ್ಲಿಸ್ವಿಲ್ ನಗರದಲ್ಲಿ ಲೈಟ್ ಮಿಂಚಿಸಿ ದಂಡಕ್ಕೆ ಗುರಿಯಾದ ಚಾಲಕರೊಬ್ಬರ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯ 2014ರ ಫೆಬ್ರವರಿಯಲ್ಲಿ ಚಾಲಕರ ಪರವಾಗಿ ತಡೆಯಾಜ್ಞೆ ನೀಡಿತು; ಆ ಬೆಳಕು ಇತರರನ್ನು ನಿಧಾನಿಸಿ ಕಾನೂನು ಪಾಲಿಸುವಂತೆ ಮಾಡುತ್ತದೆಯೇ ಹೊರತು ಕಾನೂನು ಮುರಿಯಲು ಪ್ರೇರೇಪಿಸುವುದಿಲ್ಲ ಎಂಬುದು ಅದರ ತರ್ಕ. ಈ ತರ್ಕದಲ್ಲಿ ಹುರುಳಿದೆ. ಆದರೂ ಮಿಂಚಿಸುವವರಿಗೆ ತಾವು ಎಚ್ಚರಿಸುತ್ತಿರುವುದು ಯಾರನ್ನು ಎಂದು ಗೊತ್ತಿರುವುದಿಲ್ಲ. ಆ ತಪಾಸಣೆ ಕುಡಿದು ಓಡಿಸುವವರನ್ನು ಹಿಡಿಯಲು ಇದ್ದರೆ, ಕದ್ದ ವಾಹನಕ್ಕಾಗಿ ಇದ್ದರೆ, ಎದುರಿನಿಂದ ಬಂದವರು ನಿಧಾನಿಸುವ ಬದಲು ಪಕ್ಕದ ದಾರಿ ಹಿಡಿದು ಹೋಗಬಹುದು. ಕಾನೂನು ಒಪ್ಪಿದರೂ ನಾನು ಈ ರೂಢಿಯನ್ನು ಬೆಂಬಲಿಸಲಾರೆ.

ಹಾಗಾದರೆ ಮುಂದಿನ ತಿರುವಿನಾಚೆ ಮರ ಬಿದ್ದಿದೆ, ಅಪಘಾತವಾಗಿ ವಾಹನ ಅಡ್ಡ ನಿಂತಿದೆ, ದನಗಳ ಹಿಂಡಿದೆ ಎಂದು ತಿಳಿಸುವುದು? ಅದು ಪೂರ್ತಿ ಬೇರೆ, ಮತ್ತು ಮಿಂಚಿಸುವುದಕ್ಕೆ ಅತ್ಯಂತ ಯೋಗ್ಯವಾದ ಸಂದರ್ಭ. ಎದುರಿನವರಿಗೆ ಏನೆಂದು ಗೊತ್ತಾಗದಿದ್ದರೂ ನಿಧಾನಿಸಿದರೆ ಸಾಕು, ಉದ್ದೇಶ ಈಡೇರಿತು. ಲೈಟ್ ಹಾಕದೆ ಮುಸ್ಸಂಜೆಯಲ್ಲಿ ಬರುತ್ತಿರುವವರಿಗೆ ನೆನಪಿಸುವುದೂ ಹಾಗೆಯೇ ಉಪಯುಕ್ತ, ಮತ್ತು ಈಗ ಅದರ ಅಗತ್ಯ ಹೆಚ್ಚಿದೆ. 2011ರ ಫೆಬ್ರವರಿಯಿಂದ ಐರೋಪ್ಯ ಒಕ್ಕೂಟ ಹೊಸ ಮಾದರಿಯ ಕಾರುಗಳಿಗೆ ಹಗಲು ದೀಪವನ್ನು ಕಡ್ಡಾಯ ಮಾಡಿದ ಮೇಲೆ ಅನೇಕ ಕಾರುಗಳ ಮುಂಭಾಗ ಸದಾ ಬೆಳಗುತ್ತಿರುತ್ತದೆ, ಡ್ಯಾಶ್‌ಬೋರ್ಡೂ ಬೆಳಗುತ್ತಿರುತ್ತದೆ. ಹಿಂಬದಿಯ ದೀಪ ಹೊತ್ತಿಲ್ಲವೆಂದು ಒಳಗಿರುವವರಿಗೆ ಹೊಳೆಯುವುದೇ ಇಲ್ಲ. ಇಂತಹವರನ್ನು ಎಚ್ಚರಿಸಲು ಜನ ಹಿಂಜರಿಯುವಂತೆ ಮಾಡಿದ ಸುಳ್ಳು ಸುದ್ದಿಯೊಂದಿದೆ: ಲೈಟಿಲ್ಲದೆ ಬರುವ ಕಾರಿಗೆ ಮಿಂಚಿಸಿದವರನ್ನು ಪುಂಡರ ಗುಂಪು ಬೆನ್ನಟ್ಟಿ ಕೊಲ್ಲುತ್ತದೆ ಎಂಬ ವದಂತಿ 1993ರಲ್ಲಿ ಅಮೆರಿಕದಲ್ಲಿ ಫ್ಯಾಕ್ಸ್ ಮೂಲಕ ಹಬ್ಬಿ, ಮುಂದೆ ಇಮೇಲ್‌ಗಳಲ್ಲಿ ಮರುಹುಟ್ಟು ಪಡೆಯುತ್ತ ಬಂತು. ಅದಕ್ಕೆ ಯಾವ ಆಧಾರವೂ ಇಲ್ಲ.

ವಾಹನಗಳು ಪರಸ್ಪರ ರೇಡಿಯೊ ಮೂಲಕ ಮಾತಾಡುವ ತಂತ್ರಜ್ಞಾನವನ್ನು ರೂಪಿಸಿದ ಎಂಜಿನಿಯರುಗಳ ಆಯ್ಕೆಯೂ ಗಮನಾರ್ಹ. ಅದರ ಮೂಲ ಸುರಕ್ಷತಾ ಸಂದೇಶದಲ್ಲಿ ಇರುವುದು ವಾಹನದ ಸ್ಥಾನ, ವೇಗ, ಸಾಗುತ್ತಿರುವ ದಿಕ್ಕು, ಬ್ರೇಕಿನ ಸ್ಥಿತಿ ಮುಂತಾದ ವಿವರಗಳು. ಅವು ಸೆಕೆಂಡಿಗೆ ಸುಮಾರು ಹತ್ತು ಬಾರಿ ಪ್ರಸಾರವಾಗುತ್ತವೆ. ಪ್ರತಿ ವಾಹನವೂ ತನ್ನ ಬಗ್ಗೆ ತನಗೆ ಗೊತ್ತಿರುವುದನ್ನಷ್ಟೇ ಸಾರುತ್ತದೆ, ತೀರ್ಮಾನವನ್ನು ಪಡೆದುಕೊಂಡವರಿಗೆ ಬಿಡುತ್ತದೆ. ಇಂತಹ ವ್ಯವಸ್ಥೆ ಎಲ್ಲ ವಾಹನಗಳಿಗೂ ಬರುವುದು ದೂರದ ಮಾತು. ಅಲ್ಲಿಯವರೆಗೆ ಸುಧಾರಣೆ ಆಗಬೇಕಾಗಿರುವುದು ಚಾಲನಾ ಕಲಿಕೆಯಲ್ಲಿ. ಬ್ರಿಟನ್ 2002ರಿಂದ ಕಲಿಕಾರ್ಥಿಗಳಿಗೆ ವಿಡಿಯೊ ತುಣುಕುಗಳನ್ನು ತೋರಿಸಿ, ಅಪಾಯ ಎಲ್ಲಿ ರೂಪುಗೊಳ್ಳುತ್ತಿದೆ ಎಂದು ಗುರುತಿಸುವಂತೆ ಪರೀಕ್ಷಿಸುತ್ತಿದೆ. ಅಂತಹ ಪರೀಕ್ಷೆ ಇರುವಲ್ಲೆಲ್ಲ ಎದುರಿನ ಬಸ್ಸು ಲೈಟ್ ಮಿಂಚಿಸುವ, ಅದರ ಮರೆಯಿಂದ ದ್ವಿಚಕ್ರ ವಾಹನವೊಂದು ಹೊರಬರುವ ಒಂದು ತುಣುಕನ್ನು ಸೇರಿಸಬೇಕು. ಅಂತಹ ಪರೀಕ್ಷೆ ಇಲ್ಲದಲ್ಲಿ ಚಾಲನೆ ಕಲಿಸುವವರು ಮೊದಲ ವಾರದಲ್ಲೇ ಶಿಷ್ಯರನ್ನು ಅಡ್ಡರಸ್ತೆಯ ಬಾಯಲ್ಲಿ ನಿಲ್ಲಿಸಿ, ಎದುರಿನವರು ಲೈಟ್ ಹೊಡೆದ ಮೇಲೂ ಎರಡೂ ಬದಿಗೆ ಕತ್ತು ಹೊರಳಿಸಿ ನೋಡಿಯೇ ಕ್ಲಚ್ ಬಿಡುವುದನ್ನು ಅಭ್ಯಾಸ ಮಾಡಿಸಬೇಕು.